ಒಂದು ಪಾಠಕ್ಕೆ ಒಂದೂವರೆ ಪೌಂಡ್

ಹೋದ ತಿಂಗಳು ಇಂಗ್ಲೆಂಡಿನ ನನ್ನ ಶಾಲೆಯಲ್ಲಿ ಎಂಟನೇ ಇಯರ್ ಮಕ್ಕಳಿಗೆ ಶೇಕಡಾ ಲೆಕ್ಕ ಹೇಳಿಕೊಡುತ್ತಿದ್ದೆ. ಪುಸ್ತಕದಲ್ಲಿ ಬರೀ ಶೂ ಮೇಲೆ ರಿಯಾಯಿತಿ, ಫೋನ್ ಮೇಲೆ ರಿಯಾಯಿತಿ. ಮಕ್ಕಳು ಆಕಳಿಸುತ್ತಿದ್ದರು. ನಿಜವಾದ ಲೆಕ್ಕವನ್ನೇ ಕೊಡೋಣ ಅನ್ನಿಸಿತು. ಬೋರ್ಡಿನ ಮೇಲೆ ಬರೆದೆ. ಹೊರದೇಶದಿಂದ ಬಂದ ಒಬ್ಬ ಟೀಚರ್, 2024ರಲ್ಲಿ ವರ್ಷದ ಸಂಬಳ 31,650 ಪೌಂಡ್. ವೀಸಾ ಶುಲ್ಕ 719. ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಅಂತ ವೀಸಾದ ಜೊತೆಗೇ ಕಟ್ಟುವ ಆರೋಗ್ಯ ಶುಲ್ಕ ವರ್ಷಕ್ಕೆ 1,035ರಂತೆ ಮೂರು ವರ್ಷದ್ದು ಒಟ್ಟಿಗೇ. ಇದು ಮೊದಲ ವರ್ಷದ ಸಂಬಳದಲ್ಲಿ ಶೇಕಡಾ ಎಷ್ಟು?

ಉತ್ತರ ಹನ್ನೆರಡಕ್ಕೆ ಒಂದು ಚೂರು ಜಾಸ್ತಿ. ನಾಲ್ಕೈದು ಮಕ್ಕಳು ಬೇಗ ಮಾಡಿದರು. ಕೊನೆಯ ಸಾಲಿನ ಒಬ್ಬ ಹುಡುಗ, ಯಾವತ್ತೂ ಕೈ ಎತ್ತದವನು, ಕೈ ಎತ್ತಿದ.

"ಮಿಸ್, ಈ ಟೀಚರ್ ಯಾರು?"

"ನಾನೇ," ಅಂದೆ.

ಅವನು ಬೋರ್ಡನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. "ಅಂದ್ರೆ ನಮಗೆ ಪಾಠ ಮಾಡೋಕೆ ನೀವೇ ದುಡ್ಡು ಕೊಟ್ಟು ಬಂದ್ರಾ? ಯಾಕೆ?"

ಪಕ್ಕದ ಹುಡುಗಿಯೂ ಸೇರಿಕೊಂಡಳು. ಅವಳ ಅಣ್ಣ ಇದೇ ಶಾಲೆಯಲ್ಲಿ ಓದುವಾಗ ಗಣಿತಕ್ಕೆ ವಾರಕ್ಕೊಬ್ಬರು ಬಂದು ಹೋಗುತ್ತಿದ್ದರಂತೆ. "ಟೀಚರ್ ಬೇಕಾಗಿದ್ದದ್ದು ನಮಗೆ. ದುಡ್ಡು ಕೊಟ್ಟದ್ದು ನೀವು. ಇದು ಸರಿಯಲ್ಲ ಮಿಸ್." ಅವಳ ಮುಖ ಕೆಂಪಾಗಿತ್ತು. ನಾನು "ನಿಯಮ ಹಾಗಿದೆ" ಅಂದೆ. ಅಷ್ಟರಲ್ಲಿ ಬೆಲ್ ಹೊಡೆಯಿತು.

ನಾಟಿಂಗ್‌ಹ್ಯಾಮ್‌ನ ಟ್ರಾಮಿನಲ್ಲಿ ಮನೆಗೆ ಬರುವಾಗ ಆ 'ಯಾಕೆ' ನನ್ನ ಜೊತೆಗೇ ಬಂತು.

ನಾನು ತಿಪಟೂರಿನ ಕಡೆಯವಳು. ಮನೆಯಲ್ಲಿ ಮೂರು ಎಕರೆ ತೆಂಗು. ಬಿ.ಎಸ್ಸಿ., ಬಿ.ಎಡ್. ಮಾಡಿ ಹನ್ನೊಂದು ವರ್ಷ ಖಾಸಗಿ ಶಾಲೆಗಳಲ್ಲಿ ಗಣಿತ ಹೇಳಿದೆ. 2023ರಲ್ಲಿ ಇಂಗ್ಲೆಂಡ್ ಸರ್ಕಾರ ಭಾರತದಲ್ಲಿ ತರಬೇತಾದ ಗಣಿತ, ವಿಜ್ಞಾನ, ಭಾಷಾ ಶಿಕ್ಷಕರಿಗೂ ಅಲ್ಲಿನ ಶಿಕ್ಷಕರ ಅರ್ಹತೆಗೆ ನೇರವಾಗಿ ಅರ್ಜಿ ಹಾಕುವ ದಾರಿ ತೆರೆಯಿತು. ಆ ಅರ್ಜಿಗೆ ಶುಲ್ಕವಿಲ್ಲ. ಅದನ್ನು ನೋಡಿ ನನಗೂ ಧೈರ್ಯ ಬಂತು. ಅರ್ಹತೆ ಸಿಕ್ಕಿತು, ಮರುವರ್ಷ ಒಂದು ಶಾಲೆಯಲ್ಲಿ ಕೆಲಸವೂ ಸಿಕ್ಕಿತು. ಆಮೇಲೆ ಶುರುವಾಯಿತು ಲೆಕ್ಕ.

ವೀಸಾ, ಆರೋಗ್ಯ ಶುಲ್ಕ ಸೇರಿ ನನ್ನೊಬ್ಬಳದೇ 3,824 ಪೌಂಡ್. ನಮ್ಮವರದೂ ಅಷ್ಟೇ. ಮಗಳದು 3,047, ಮಕ್ಕಳಿಗೆ ಆರೋಗ್ಯ ಶುಲ್ಕ ವರ್ಷಕ್ಕೆ 776 ಆದ್ದರಿಂದ. ಮೂವರದು ಸೇರಿದರೆ 10,695. ಆಗ ಪೌಂಡಿಗೆ 107 ರೂಪಾಯಿ ಹತ್ತಿರ ಇತ್ತು. ಹನ್ನೊಂದೂವರೆ ಲಕ್ಷ! ವಿಮಾನದ ಟಿಕೆಟ್ ಇದರಲ್ಲಿಲ್ಲ. ಬೆಂಗಳೂರಿನಲ್ಲಿ ಮಾಡಿಸಬೇಕಾದ ಕ್ಷಯದ ಪರೀಕ್ಷೆ, ಪೊಲೀಸ್ ಸರ್ಟಿಫಿಕೇಟ್ ಯಾವುದೂ ಇಲ್ಲ. ಇದಲ್ಲದೆ ಶಾಲೆಯವರು ಹೊಣೆ ಹೊರದಿದ್ದರೆ ನನ್ನೊಬ್ಬಳ ಲೆಕ್ಕಕ್ಕೇ 1,270 ಪೌಂಡ್ ಖಾತೆಯಲ್ಲಿ 28 ದಿನ ಕದಲದೆ ಇರಬೇಕು.

ಅಪ್ಪ ಎಲ್ಲವನ್ನೂ ಕೊಬ್ಬರಿಯಲ್ಲೇ ಅಳೆಯುತ್ತಾರೆ. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಜಗಲಿ ಮೇಲೆ ಕೂತು, ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಭಾಗಾಕಾರ ಮಾಡಿದರು. "ನಿನ್ನೊಬ್ಬಳ ವೀಸಾಕ್ಕೆ ಮೂವತ್ನಾಕು ಕ್ವಿಂಟಾಲ್ ಕಣಮ್ಮ," ಅಂದರು. ನಮ್ಮ ತೋಟದ ಒಂದೂವರೆ ವರ್ಷದ ಫಸಲು ಅದು. ನಮ್ಮ ಕಡೆ ಕೊಬ್ಬರಿ ಒಂದೇ ದಿನಕ್ಕೆ ಆಗುವುದಿಲ್ಲ, ಗೊತ್ತಲ್ವಾ? ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಇರಬೇಕು. ಒಳಗಿನ ನೀರು ಪೂರ್ತಿ ಇಂಗಿ, ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಅಷ್ಟು ಕಾದು ಮಾಡಿದ್ದು.

ಮೂವರೂ ಒಟ್ಟಿಗೆ ಹೊರಡುವುದು ಆಗದ ಮಾತು ಅಂತ ಅವತ್ತೇ ಗೊತ್ತಾಯಿತು. ಅಮ್ಮನ ಎರಡು ಬಳೆ, ನನ್ನ ಒಂದು ಸರ ಬ್ಯಾಂಕಿಗೆ ಹೋದವು. 2024ರ ಆಗಸ್ಟ್ ಕೊನೆಗೆ ನಾನೊಬ್ಬಳೇ ಬಂದೆ.

ಬರುವ ಯೋಚನೆ ಇರುವವರಿಗೆ ಒಂದೆರಡು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೊದಲ ಸಂಬಳ ಬರುವುದು ಸೆಪ್ಟೆಂಬರ್ ಕೊನೆಗೆ. ಅಲ್ಲಿಯವರೆಗೆ ಬಾಡಿಗೆ, ಐದು ವಾರದ ಬಾಡಿಗೆಯಷ್ಟು ಮುಂಗಡ, ಕೋಟು, ಹಾಸಿಗೆ ಎಲ್ಲಕ್ಕೂ ಕೈಯಿಂದಲೇ ಹೋಗಬೇಕು. ನನ್ನ ಹಾಗೆ 31,650 ಅಂದರೆ ತಿಂಗಳಿಗೆ 2,637 ಅಂತ ಲೆಕ್ಕ ಹಾಕಬೇಡಿ. ತೆರಿಗೆ, ನ್ಯಾಷನಲ್ ಇನ್ಶೂರೆನ್ಸ್ ಅನ್ನುವ ಸಾಮಾಜಿಕ ವಿಮೆ, ಪಿಂಚಣಿ ಕಳೆದು ನನ್ನ ಕೈಗೆ ಬಂದದ್ದು 2,030ರ ಆಸುಪಾಸು. ಕೌನ್ಸಿಲ್ ಟ್ಯಾಕ್ಸ್, ಅಂದರೆ ಇರುವ ಮನೆಗೆ ಸ್ಥಳೀಯ ಆಡಳಿತ ಹಾಕುವ ತೆರಿಗೆ, ಬೇರೆ ಕಟ್ಟಬೇಕು. ಒಬ್ಬರೇ ಇದ್ದರೆ ಅದರಲ್ಲಿ ಕಾಲು ಭಾಗ ಬಿಡುತ್ತಾರೆ, ಕೇಳಿ ಪಡೆಯಿರಿ. ಫಿಸಿಕ್ಸ್ ಮತ್ತು ಭಾಷಾ ಶಿಕ್ಷಕರಿಗೆ ಸರ್ಕಾರ ಪ್ರಾಯೋಗಿಕವಾಗಿ 10,000 ಪೌಂಡ್ ಸಹಾಯ ಕೊಡುತ್ತಿತ್ತು. ಗಣಿತದವರಿಗೆ ಇರಲಿಲ್ಲ. ಇನ್ನೊಂದು ಮುಖ್ಯ ವಿಷಯ. ಹೊರಗಿನವರನ್ನು ಕರೆಸಿಕೊಳ್ಳುವುದಕ್ಕೆ ಶಾಲೆ ಸರ್ಕಾರಕ್ಕೆ ಕಟ್ಟುವ ಸ್ಕಿಲ್ಸ್ ಚಾರ್ಜ್ ಅಂತ ಒಂದಿದೆ. ಅದು ಕಾನೂನಿನ ಪ್ರಕಾರ ಶಾಲೆಯದೇ ಖರ್ಚು. ಅದರ ಹೆಸರು ಹೇಳಿ ಯಾವ ಏಜೆಂಟ್ ಕೇಳಿದರೂ ಒಂದು ರೂಪಾಯಿ ಕೊಡಬೇಡಿ.

ನನಗೆ ನೋವಾಗುವುದು ಆರೋಗ್ಯ ಶುಲ್ಕದ ವಿಷಯದಲ್ಲಿ. ಆಸ್ಪತ್ರೆಗೆ ಅಂತ ಮೂರು ವರ್ಷದ್ದು ಮೊದಲೇ ಕಟ್ಟಿದ್ದೇನೆ. ಇಲ್ಲಿನ ಎಲ್ಲರ ಹಾಗೆ ಸಂಬಳದಿಂದಲೂ ಕಟ್ಟುತ್ತೇನೆ. ನರ್ಸ್‌ಗಳಿಗೆ, ಡಾಕ್ಟರುಗಳಿಗೆ ಆ ಶುಲ್ಕ ಬಿಟ್ಟಿದ್ದಾರೆ. ಅದು ಸರಿಯಾಗಿಯೇ ಇದೆ. ಟೀಚರಿಗೂ ಬಿಡಬಹುದಿತ್ತು.

ಮಗಳು ಹತ್ತು ತಿಂಗಳು ತಿಪಟೂರಿನಲ್ಲಿದ್ದಳು. ಅವಳ ಮೊದಲ ಹಲ್ಲು ಬಿದ್ದದ್ದು ಜನವರಿಯಲ್ಲಿ. ಅಜ್ಜಿ ಅದನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಸಿದ್ದನ್ನು ನಾನು ವಿಡಿಯೋದಲ್ಲಿ ನೋಡಿದೆ. ಇಲ್ಲಿ ಆಗ ಸ್ಟಾಫ್ ರೂಮಿನಲ್ಲಿದ್ದೆ, ಕೈಯಲ್ಲಿ ಕೆಂಪು ಪೆನ್ನಿತ್ತು. ನಮ್ಮವರೂ ಅವಳೂ 2025ರ ಜೂನ್‌ನಲ್ಲಿ ಬಂದರು. ಅಷ್ಟರಲ್ಲಿ ವೀಸಾ ಶುಲ್ಕ 769 ಆಗಿತ್ತು. ಆದರೆ ನನ್ನ ವೀಸಾ ಮುಗಿಯುವವರೆಗೆ ಮಾತ್ರ ಅವರದೂ ಇರುವುದರಿಂದ ಆರೋಗ್ಯ ಶುಲ್ಕ ಎರಡೂವರೆ ವರ್ಷದ್ದಾಯಿತು. ಇಬ್ಬರಿಂದ ಎಂಟುನೂರು ಪೌಂಡ್ ಉಳಿಯಿತು. ಬೊಚ್ಚು ಬಾಯಿ ತೋರಿಸಿ ನಕ್ಕಳು ಮಗಳು, ವಿಮಾನ ನಿಲ್ದಾಣದಲ್ಲಿ. ಆ ಎಂಟುನೂರು ಪೌಂಡ್ ಆಗ ನನಗೆ ಬೇಡವಾಗಿತ್ತು.

ಇಷ್ಟೆಲ್ಲ ಲೆಕ್ಕ ಹಾಕಿದ್ದೇವೆ ಮನೆಯಲ್ಲಿ. ಅಪ್ಪ ಹಾಕಿದ್ದಾರೆ, ನಮ್ಮವರು ಹಾಕಿದ್ದಾರೆ, ನಾನಂತೂ ನಿದ್ದೆಯಲ್ಲೂ ಹಾಕಿದ್ದೇನೆ. 'ಎಷ್ಟು' ಅಂತ ಎಲ್ಲರೂ ಕೇಳಿದೆವು. 'ಯಾಕೆ' ಅಂತ ಯಾರೂ ಕೇಳಲಿಲ್ಲ. ಆ ಹುಡುಗ ಕೇಳಿದ.

ನಾವು ಯಾಕೆ ಕೇಳಲಿಲ್ಲ ಅಂತ ಯೋಚಿಸಿದಾಗ 2013 ನೆನಪಾಯಿತು. ಬಿ.ಎಡ್. ಮುಗಿದ ವರ್ಷ. ನಮ್ಮ ಜಿಲ್ಲೆಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಗಣಿತದ ಹುದ್ದೆ ಖಾಲಿ ಇತ್ತು. ಸಂಬಳ ಸರ್ಕಾರದ್ದು, ನೇಮಕ ಆಡಳಿತ ಮಂಡಳಿಯದು. ಅಪ್ಪ ಬಿಳಿ ಪಂಚೆ ಉಟ್ಟು, ನನ್ನ ಅಂಕಪಟ್ಟಿ ಕವರಿನಲ್ಲಿಟ್ಟುಕೊಂಡು ಕರೆದುಕೊಂಡು ಹೋದರು. ಅವರು ಅಂಕಪಟ್ಟಿ ತೆರೆಯಲೇ ಇಲ್ಲ. ಕಾಫಿ ಕೊಟ್ಟರು. "ಕಟ್ಟಡ ನಿಧಿಗೆ ಎಂಟು ಲಕ್ಷ" ಅಂದರು. ಅಪ್ಪ ಕೇಳಿದ್ದು ಒಂದೇ ಮಾತು: "ಎರಡು ಕಂತಲ್ಲಿ ಕೊಡಬೌದಾ ಸ್ವಾಮಿ?" ಕೊಬ್ಬರಿ ಮಂಡಿಯಲ್ಲಿ ನಿಂತು ವ್ಯಾಪಾರ ಮಾತಾಡಿದ ಹಾಗೇ ಇತ್ತು. ನನಗೂ ಅದು ತಪ್ಪು ಅನ್ನಿಸಲಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಕೊನೆಗೆ ಹತ್ತು ಲಕ್ಷ ಕೊಟ್ಟವರಿಗೆ ಆ ಕೆಲಸ ಹೋಯಿತು. ನಾವು ದುಡ್ಡು ಹೊಂದಿಸುವುದು ತಡವಾಯಿತು ಅಂತ ಮನೆಯಲ್ಲಿ ಎಲ್ಲರಿಗೂ ಬೇಜಾರಾಯಿತು. ಬೇಜಾರಾದದ್ದು ಅದಕ್ಕೆ ಮಾತ್ರ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಅಂತ ನನಗೆ ಗೊತ್ತು. ಇಲ್ಲಿ ಕೊಟ್ಟ ಒಂದೊಂದು ಪೌಂಡಿಗೂ ರಸೀದಿ ಇದೆ. ನಾನು ಕೊಟ್ಟಷ್ಟೇ ನೈಜೀರಿಯಾದಿಂದ ಬಂದ ಸಹೋದ್ಯೋಗಿಯೂ ಕೊಟ್ಟಿದ್ದಾರೆ. ಕೆಲಸ ಸಿಕ್ಕಿದ್ದು ಪಾಠ ಮಾಡಿ ತೋರಿಸಿದ ಮೇಲೆ. ಆದರೂ ಟೀಚರ್ ಆಗಬೇಕಾದರೆ ಮೊದಲು ದುಡ್ಡು ಇಡಬೇಕು ಅನ್ನುವುದು ನನ್ನೊಳಗೆ ಎಷ್ಟು ಸಹಜವಾಗಿ ಕೂತಿತ್ತು ನೋಡಿ. ಹನ್ನೆರಡು ವರ್ಷದ ಮಕ್ಕಳಿಗೆ ಅದನ್ನು ಕೇಳಿ ಸಿಟ್ಟು ಬಂತು. ನನಗೆ ಬಂದಿರಲಿಲ್ಲ.

ಎರಡು ದಿನ ಬಿಟ್ಟು ನೋಟ್‌ಬುಕ್ ತಿದ್ದುವಾಗ ಆ ಹುಡುಗನ ಹಾಳೆಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಲೆಕ್ಕ ಇತ್ತು. ವಾರಕ್ಕೆ 22 ಪಾಠ, ವರ್ಷಕ್ಕೆ 38 ವಾರ, ಮೂರು ವರ್ಷ. ಒಟ್ಟು 2,508 ಪಾಠ. 3,824ನ್ನು ಅದರಿಂದ ಭಾಗಿಸಿದ್ದ. ಕೆಳಗೆ ಬರೆದಿದ್ದ, 'ಪ್ರತಿ ಪಾಠಕ್ಕೆ ಮಿಸ್ ಕೊಡುವುದು 1.52 ಪೌಂಡ್.' ನಾನು ವಾರಕ್ಕೆ ಎಷ್ಟು ಪಾಠ ಮಾಡುತ್ತೇನೆ ಅಂತ ಯಾರನ್ನು ಕೇಳಿದನೋ. ನಾನೂ ಮಾಡಿ ನೋಡಿದೆ. ಸರಿಯಾಗಿತ್ತು. ರೈಟ್ ಹಾಕಿದೆ.

ಭಾನುವಾರ ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಕೊಬ್ಬರಿ ಲೆಕ್ಕಕ್ಕೆ ತಿರುಗಿಸುತ್ತಾರೆ ಅಂದುಕೊಂಡೆ. ತಿರುಗಿಸಲಿಲ್ಲ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ. ಹಿಂದೆ ಅಮ್ಮ ಪಾತ್ರೆ ಜೋಡಿಸುವ ಸದ್ದು ಮಾತ್ರ.

"ಅವತ್ತು ಆ ಸ್ಕೂಲಲ್ಲಿ ನಾನೂ ಕೇಳಬೇಕಿತ್ತು ಕಣಮ್ಮ, ಯಾಕೆ ಅಂತ," ಅಂದರು. ಆಮೇಲೆ, "ಆ ಹುಡುಗ ಚೆನ್ನಾಗಿ ಓದ್ತಾನಾ?" ಅಂತ ಕೇಳಿದರು.