ಹೆಗಲ ಮೇಲಿನ ಕಂಬಳಿ

ನಮ್ಮ ಡಯಾಲಿಸಿಸ್ ಯೂನಿಟ್‌ನಲ್ಲಿ ಮೊದಲ ಶಿಫ್ಟ್ ಬೆಳಿಗ್ಗೆ 6 ಗಂಟೆಗೆ. ಆ ಅಜ್ಜ ಐದೂವರೆಗೇ ಬಂದು ಬಾಗಿಲ ಹತ್ತಿರ ಕೂತಿರುತ್ತಿದ್ದರು. ವಾರಕ್ಕೆ 3 ಸಲ. ಅದೇ ಮಷೀನ್ ಬೇಕು, ಫ್ಯಾನ್ ಹಾಕಬಾರದು, ಪಕ್ಕದವರು ಫೋನಿನಲ್ಲಿ ಮಾತಾಡಬಾರದು. ಡ್ಯೂಟಿ ಪಟ್ಟಿಯಲ್ಲಿ ಅವರ ಮಷೀನ್ ಬಂದರೆ ಎಲ್ಲರೂ ಅದಲುಬದಲು ಮಾಡಿಕೊಳ್ಳಲು ನೋಡುತ್ತಿದ್ದೆವು.

ಒಮ್ಮೆ ಫಿಸ್ಟುಲಾಗೆ, ಅಂದರೆ ಡಯಾಲಿಸಿಸ್‌ಗಾಗಿ ಕೈಯಲ್ಲಿ ಜೋಡಿಸಿದ ರಕ್ತನಾಳಕ್ಕೆ, ನಾನು ಹಾಕಿದ ಸೂಜಿ ಸರಿಯಾಗಿ ಕೂರಲಿಲ್ಲ. ಎರಡನೇ ಸಲ ಚುಚ್ಚಬೇಕಾಯಿತು. "ನಿನಗ ಕೆಲಸ ಕಲಿಸಿದವರು ಯಾರು?" ಅಂತ ಇಡೀ ಯೂನಿಟ್ ಕೇಳುವಂತೆ ಕೂಗಿದರು. ನಾನು ಎದುರಾಡಲಿಲ್ಲ. ಅವತ್ತಿನಿಂದ ಅವರ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ನಮ್ಮ ಚರ್ಚ್ ಸಭೆಯ ಮಹಿಳಾ ಕೂಟದಲ್ಲಿ, ದೇವರು ನಮ್ಮ ಬಾಳಿನಲ್ಲಿ ಮಾಡಿದ್ದನ್ನು ಸಾಕ್ಷಿ ಹೇಳುವಾಗ ಇದನ್ನೂ ಹೇಳಿದೆ. ಕರ್ತನು ನನಗೆ ತಾಳ್ಮೆ ಕೊಟ್ಟಿದ್ದಾನೆ, ಆ ಮನುಷ್ಯನನ್ನು ಕ್ಷಮಿಸಿದ್ದೇನೆ ಅಂದೆ. ನನಗೆ ಅದು ನಿಜ ಅಂತಲೇ ಅನಿಸಿತ್ತು.

ಧಾರವಾಡದ ಡಿಸೆಂಬರ್ ಚಳಿ. ಅಜ್ಜ ಸ್ವೆಟರ್ ಮೇಲೆ ಕಂಬಳಿ ಹೊದ್ದೇ ತೂಕದ ಮಷೀನ್ ಹತ್ತಿದರು. 61 ಕಿಲೋ. ಅವರ ಡ್ರೈ ವೇಟ್, ಅಂದರೆ ಮೈಯಲ್ಲಿ ಹೆಚ್ಚಿನ ನೀರಿಲ್ಲದಾಗಿನ ತೂಕ, 58. ಯಾವತ್ತೂ 2 ಕಿಲೋಗಿಂತ ಜಾಸ್ತಿ ಏರಿಸಿಕೊಂಡು ಬಂದವರಲ್ಲ. ಕಂಬಳಿ ತೆಗೀರಿ ಅನ್ನಬೇಕಿತ್ತು. ಅಂದರೆ ಬೈಗುಳ ಶುರುವಾಗುತ್ತದೆ. ನನಗೆ ಆ ಬೆಳಿಗ್ಗೆ ಅದು ಬೇಡವಾಗಿತ್ತು. ತೂಕ ಬರೆದುಕೊಂಡು 3 ಲೀಟರ್ ಯುಎಫ್ ಹಾಕಿದೆ, ಅಂದರೆ ಮಷೀನ್ ಮೈಯಿಂದ ಅಷ್ಟು ನೀರು ತೆಗೆಯಬೇಕು.

"ಇವತ್ತ ಭಾಳ ತಗೀಬ್ಯಾಡ," ಅಂದರು. ದಿನಾ ಹೇಳುವ ಮಾತು ಅಂದುಕೊಂಡು ತಲೆ ಆಡಿಸಿದೆ.

ಎರಡೂವರೆ ತಾಸು ದಾಟಿತ್ತು. ನಾನು ಆ ಕಡೆ ಇನ್ನೊಬ್ಬರ ಅಲಾರಂ ನೋಡುತ್ತಿದ್ದೆ. "ಏ ಸಿಸ್ಟರ್," ಅಂತ ಅಜ್ಜನ ದನಿ ಬಂತು. ಫ್ಯಾನಿನ ತಕರಾರೇ ಇರಬೇಕು. "ಬಂದೆ ಅಜ್ಜಾರ" ಅಂದೆ, ಹೋಗಲಿಲ್ಲ. ಇನ್ನೊಮ್ಮೆ ಕರೆದರು. ಈ ಸಲ ದನಿ ಸಣ್ಣದಾಗಿತ್ತು. ಸಣ್ಣ ದನಿಯಲ್ಲಿ ಮಾತಾಡುವ ಮನುಷ್ಯನೇ ಅಲ್ಲ ಅವರು. ತಿರುಗಿ ನೋಡಿದರೆ ಆಕಳಿಸುತ್ತಿದ್ದಾರೆ. ಆ ಚಳಿಯಲ್ಲೂ ಹಣೆ ತುಂಬಾ ಬೆವರು.

ಬಿಪಿ 70/40. ಯುಎಫ್ ನಿಲ್ಲಿಸಿದೆ. ತಲೆ ಕಡೆ ಇಳಿಸಿ ಕಾಲು ಎತ್ತಿ, ಸಲೈನ್ ಬಿಟ್ಟೆ. ಡಾಕ್ಟರಿಗೆ ಹೇಳಲು ಟೆಕ್ನಿಷಿಯನ್ ಓಡಿದ. ಅಜ್ಜನ ಕಣ್ಣು ಮೇಲಕ್ಕೆ ಹೋಯಿತು. ನಾನು ಅವರ ಕೆನ್ನೆ ತಟ್ಟುತ್ತಾ "ಅಜ್ಜಾರ, ಅಜ್ಜಾರ, ಇಲ್ಲಿ ನೋಡ್ರಿ" ಅನ್ನುತ್ತಿದ್ದೆ. 200 ಎಂಎಲ್ ಸಲೈನ್ ಒಳಗೆ ಹೋಗುವಷ್ಟು ಹೊತ್ತು. ಗಡಿಯಾರದಲ್ಲಿ ಅದು ಕೆಲವೇ ನಿಮಿಷ. ಆದರೆ ಅವರು ಕೈ ಅಲ್ಲಾಡಿಸುವವರೆಗೂ ನನ್ನ ಕಣ್ಣ ಮುಂದೆ ಇದ್ದದ್ದು ಕುರ್ಚಿಯ ಮೇಲೆ ಮಡಚಿಟ್ಟ ಆ ಕಂಬಳಿ.

ಆಮೇಲೆ ಸ್ವೆಟರ್, ಕಂಬಳಿ ಎರಡನ್ನೂ ತೂಕಕ್ಕೆ ಇಟ್ಟೆ. 1 ಕಿಲೋ 400 ಗ್ರಾಂ. ಅವರ ಮೈಯಲ್ಲಿ ಇಲ್ಲದ ನೀರನ್ನು ತೆಗೆಯಲು ನಾನು ಮಷೀನಿಗೆ ಹೇಳಿದ್ದೆ.

ಘಟನೆ ಬರೆಯುವ ಫಾರಂನಲ್ಲಿ "ರೋಗಿ ಸಹಕರಿಸಲಿಲ್ಲ" ಅಂತ ಒಂದು ಕಾಲಂ ಇದೆ. ಟಿಕ್ ಮಾಡಿದ್ದರೆ ಎಲ್ಲರೂ ನಂಬುತ್ತಿದ್ದರು. ಸಿಬ್ಬಂದಿ ಕೇಳಲಿಲ್ಲ ಅನ್ನುವುದಕ್ಕೆ ಕಾಲಂ ಇಲ್ಲ, ಕೆಳಗೆ ಖಾಲಿ ಜಾಗದಲ್ಲಿ ಬರೆದೆ. ತೂಕದ ಮಷೀನ್ ಬಾಗಿಲ ಗಾಳಿಗೇ ಇದೆ, ಬಟ್ಟೆ ನೇತುಹಾಕಲು ಒಂದು ಗೂಟವೂ ಇಲ್ಲ, ವಯಸ್ಸಾದವರು ಅಲ್ಲಿ ಸ್ವೆಟರ್ ಬಿಚ್ಚುವುದು ಹೇಗೆ ಅಂತಲೂ ಬರೆದೆ. ಗೂಟ ಇನ್ನೂ ಬಂದಿಲ್ಲ.

ಆ ರಾತ್ರಿ ಲೂಕನ ಸುವಾರ್ತೆಯ 10ನೇ ಅಧ್ಯಾಯ ತೆಗೆದೆ. ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯ, ಚರ್ಚಿನ ಭಾನುವಾರ ಶಾಲೆಯಿಂದ ಬಾಯಿಪಾಠ. ಕಳ್ಳರು ಹೊಡೆದು ಹೋದ ಮೇಲೆ ದಾರಿಯಲ್ಲಿ ಬಿದ್ದವನಿಗೆ ಯಾಜಕನೂ, ದೇವಾಲಯದ ಸೇವೆಯ ಲೇವಿಯನೂ ಒಂದು ಕೆಟ್ಟ ಮಾತು ಆಡಲಿಲ್ಲ. ಹೊಡೆಯಲಿಲ್ಲ, ಬೈಯಲಿಲ್ಲ. ಓರೆಯಾಗಿ ಹೋದರು, ಅಷ್ಟೇ. ಇಷ್ಟು ವರ್ಷ ಅವರಿಬ್ಬರೂ ಕಲ್ಲುಮನಸ್ಸಿನವರು ಅಂದುಕೊಂಡಿದ್ದೆ. ಬಹುಶಃ ಅವರೂ ಸುಮ್ನೆ ರಗಳೆ ಬೇಡ ಅಂದುಕೊಂಡಿರಬೇಕು, ಅಲ್ವಾ? ಹೊರಗಿನವನು ಅನ್ನಿಸಿಕೊಂಡ ಸಮಾರ್ಯದವನು ಮಾತ್ರ ಹತ್ತಿರ ಹೋದ. ನನ್ನ ಮೌನವನ್ನು ನಾನು ಕೃಪೆ ಅಂತ ಕರೆದಿದ್ದೆ. ಅಜ್ಜನಿಗೆ ಬೇಕಿದ್ದ ಕೃಪೆ, ಬೈಸಿಕೊಂಡರೂ ಹತ್ತಿರ ಹೋಗಿ ಕಂಬಳಿ ಇಳಿಸುವುದಾಗಿತ್ತು.

ಮುಂದಿನ ಡಯಾಲಿಸಿಸ್ ದಿನ ಅವರ ಮಷೀನ್ ನಾನೇ ಕೇಳಿ ತೆಗೆದುಕೊಂಡೆ. "ಅಜ್ಜಾರ, ಮೊನ್ನೆ ತಪ್ಪು ನನ್ನದು. ತೂಕ ಸರಿ ನೋಡಲಿಲ್ಲ, ನೀವು ಹೇಳಿದ್ದು ಕೇಳಲಿಲ್ಲ," ಅಂದೆ.

"ಗೊತ್ತೈತಿ ನನಗ," ಅಂದರು. ಮುಖ ನೋಡಲಿಲ್ಲ.

"ಈಗ ಕಂಬಳಿ ಕೊಡ್ರಿ."

"ಥಂಡಿಗೆ ಸಾಯ್ಬೇಕೇನ್ ನಾ?"

ಬಾಗಿಲು ಹಾಕಿ ಬಂದು ಕೈ ಚಾಚಿ ನಿಂತೆ. ಬೈಯುತ್ತಲೇ ಕಂಬಳಿ ಕೊಟ್ಟರು, ಬೈಯುತ್ತಲೇ ಸ್ವೆಟರ್ ಬಿಚ್ಚಿದರು. 59 ಕಿಲೋ 700. ಬರೆದುಕೊಳ್ಳುವ ಮೊದಲು ಕಂಬಳಿ ಮತ್ತೆ ಹೊದಿಸಿದೆ.