ಈ ಜೂನ್ 5ಕ್ಕೆ ಭಾಷಣ ಬೇಡ, ಮಳೆ ಅಳೀರಿ

ಜೂನ್ 5ರ ವಿಶ್ವ ಪರಿಸರ ದಿನ ಬಂತು ಅಂದ್ರೆ ನಮ್ಮ ಕಡೆ ಯಾವ ಶಾಲೆಗೆ ಹೋದ್ರೂ ಅದೇ ಕಾರ್ಯಕ್ರಮ ಮಾರಾಯ್ರೆ. ಗೇಟಿಗೆ ಫ್ಲೆಕ್ಸ್, ಅತಿಥಿಗಳ ಭಾಷಣ, ಒಂದು ಗಿಡಕ್ಕೆ ಹತ್ತು ಜನ ಕೈ ಹಿಡ್ಕೊಂಡು ಫೋಟೋ, ಕೊನೆಗೆ ಪ್ಲಾಸ್ಟಿಕ್ ಲೋಟದಲ್ಲಿ ಜ್ಯೂಸು. ಪರಿಸರ ಉಳಿಸಿ ಅಂತ ಫ್ಲೆಕ್ಸ್ ಮೇಲೇ ಬರೆಸೋ ಧೈರ್ಯ ನಮ್ಗೆ ಮಾತ್ರ ಇರೋದು!

ಇದಕ್ಕೆ ಮೇಷ್ಟ್ರುಗಳನ್ನ ಬೈದು ಪ್ರಯೋಜನ ಇಲ್ಲ. ಶಾಲೆ ಈಗಷ್ಟೇ ಬಾಗಿಲು ತೆಗ್ದಿರತ್ತೆ, ದಾಖಲಾತಿ, ಪುಸ್ತಕ, ಯೂನಿಫಾರ್ಮ್, ಬಿಸಿಯೂಟದ ಲೆಕ್ಕ, ಇದ್ರ ಮಧ್ಯೆ ಫೋಟೋ ಸಮೇತ ವರದಿ ಕಳಿಸಿ ಅಂತ ವಾಟ್ಸಾಪಲ್ಲಿ ಮೆಸೇಜ್ ಬರತ್ತೆ, ಅವ್ರು ಫೋಟೋ ಕಳಿಸ್ತಾರೆ, ಮುಗೀತು. ಉಳಿದ ದಿನಗಳೂ ಅಷ್ಟೇ. ಏಪ್ರಿಲ್ 22 ಭೂಮಿ ದಿನ, ಮಕ್ಕಳು ಬೇಸಿಗೆ ರಜೇಲಿ ಅಜ್ಜಿಮನೇಲಿರ್ತಾರೆ. ಮಾರ್ಚ್ 22 ಜಲದಿನ ಪರೀಕ್ಷೆ ಗಡಿಬಿಡೀಲಿ ಬರತ್ತೆ. ಅಕ್ಟೋಬರಿನ ವನ್ಯಜೀವಿ ಸಪ್ತಾಹಕ್ಕೆ ಹೆಚ್ಚಿನ ವರ್ಷ ದಸರಾ ರಜೆ.

ಜೂನ್ 5 ಮಾತ್ರ ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ. 1972ರಲ್ಲಿ ಸ್ಟಾಕ್‌ಹೋಮಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಶುರುವಾದ ದಿನ ಅದು, ನಮ್ಮ ಮಳೆ ನೋಡ್ಕೊಂಡು ಅವ್ರೇನೂ ಇಟ್ಟಿದ್ದಲ್ಲ, ಆದ್ರೆ ಮಳೆ ಹಿಡಿಯೋ ಹೊತ್ತಿಗೇ ಬರತ್ತೆ. ಹಾಗಾಗಿ ನಾನು ಹೋದ ಕಡೆಯೆಲ್ಲ ಹೆಡ್‌ಮಾಸ್ಟ್ರ ಹತ್ರ ಒಂದೇ ಕೇಳೋದು, ಅವತ್ತು ಮಕ್ಕಳ ಕೈಲಿ ಒಂದು ಮಳೆ ಪುಸ್ತಕ ಶುರು ಮಾಡ್ಸಿ ಸಾರ್, ಮಾರ್ಚ್ ತನಕ ಅದು ನಡೀಲಿ.

ಖರ್ಚೇನಿಲ್ಲ. ಮಳೆ ಅಳೆಯೋಕೆ ನೆಟ್ಟಗಿರೋ, ಎರಡು ಲೀಟರಿನ ಒಂದು ಬಾಟ್ಲಿ ತಗೊಂಡು ಕುತ್ತಿಗೆ ಕೆಳಗೆ ಕತ್ತರಿಸಿ, ಮುಚ್ಚಳ ಬಿಸಾಕಿ, ಮೇಲಿನ ತುಂಡನ್ನ ಆಲಿಕೆ ಥರ ತಲೆಕೆಳಗೆ ಕೂರಿಸೋದು. ತಳ ಉಬ್ಬುತಗ್ಗು ಇರತ್ತಲ್ಲ, ಅಲ್ಲಿಗೆ ನಾಕು ಕಲ್ಲು ಹಾಕಿ ಬಾಟ್ಲಿಯ ಗೋಡೆ ನೆಟ್ಟಗಾಗೋ ಮಟ್ಟದ ತನಕ ನೀರು ತುಂಬಿ ಅಲ್ಲಿಗೆ ಸೊನ್ನೆ ಗುರುತು, ಮೇಲಕ್ಕೆ ಸ್ಕೇಲು ಅಂಟಿಸಿದ್ರೆ ಆಯ್ತು. ಮರ, ಮಾಡಿನ ಹನಿ ಬೀಳದ ಕಡೆ ಇಟ್ಟು ದಿನಾ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಒಬ್ರು ಓದ್ಬೇಕು, ಒಬ್ರು ಬರೀಬೇಕು, ಆಮೇಲೆ ಮತ್ತೆ ಸೊನ್ನೆಗೆ ತರ್ಬೇಕು. ಆಗುಂಬೆ ಕಡೆಯವ್ರು ಜುಲೈಲಿ ಸಂಜೆನೂ ಒಂದ್ಸಲ ಓದಿ ಬರೆದು ಸೊನ್ನೆಗೆ ತರೋದು ಒಳ್ಳೇದು, ಇಲ್ದಿದ್ರೆ ಬಾಟ್ಲಿ ತುಂಬಿ ಹರಿದು ಲೆಕ್ಕನೇ ಹೋಗತ್ತೆ!

ಮಜಾ ಇರೋದು ಆಮೇಲೆ. ಆಗುಂಬೇಲಿ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಬೀಳತ್ತೆ, ಅದೇ ಜಿಲ್ಲೆಯ ಶಿವಮೊಗ್ಗ ಪೇಟೇಲಿ ಸಾವಿರದ ಹತ್ರ ಹತ್ರ. ತೀರ್ಥಹಳ್ಳಿ ಕಡೆ ಒಂದು ಶಾಲೆ, ಶಿಕಾರಿಪುರ ಕಡೆ ಒಂದು ಶಾಲೆ ವಾರಕ್ಕೊಮ್ಮೆ ತಮ್ಮ ಅಂಕಿ ಬದಲಾಯಿಸ್ಕೊಂಡ್ರೆ ಘಟ್ಟ ಅಂದ್ರೇನು, ಮಳೆನೆರಳು (ಘಟ್ಟದ ಆಚೆ ಮಳೆ ಕಮ್ಮಿ ಆಗೋದು) ಅಂದ್ರೇನು ಅಂತ ಪಾಠ ಮಾಡೋದೇ ಬೇಡ, ನಮ್ಗಿಷ್ಟು ನಿಮ್ಗೆ ಅಷ್ಟೇನಾ ಅಂತ ಮಕ್ಕಳೇ ಜಗಳಕ್ಕೆ ಬೀಳ್ತಾರೆ.

ಬಾವಿ ಇರೋ ಶಾಲೆ ಆದ್ರೆ ಮೊಳಕ್ಕೊಂದು ಗಂಟು ಹಾಕಿದ ಹಗ್ಗದ ತುದಿಗೆ ಕಲ್ಲು ಕಟ್ಟಿ ತಿಂಗಳಿಗೊಮ್ಮೆ ನೀರು ಎಷ್ಟು ಕೆಳಗಿದೆ ಅಂತ ನೋಡಿ ಅದೇ ಪುಸ್ತಕದಲ್ಲಿ ಬರೀಬಹುದು (ಮೇಷ್ಟ್ರು ಪಕ್ಕದಲ್ಲಿರ್ಲಿ). ಇಷ್ಟು ಮಳೆ ಬಿದ್ರೂ ಮಾರ್ಚಲ್ಲಿ ಟ್ಯಾಂಕರ್ ಯಾಕೆ ಬರತ್ತೆ ಅನ್ನೋ ಪ್ರಶ್ನೆ ಆಗ ಮಕ್ಕಳ ಬಾಯಿಂದ್ಲೇ ಬರತ್ತೆ, ಜಲದಿನದ ಭಾಷಣಕ್ಕಿಂತ ಅದು ಎಷ್ಟೋ ಮೇಲು.

ಗಿಡ ನೆಡ್ಲೇಬೇಕಾ? ನೆಡಿ, ನರ್ಸರಿಯಿಂದ ತರೋದೇ ಬೇಡ. ರಜೇಲಿ ತಿಂದ ಹಲಸಿನ ಬೀಜ ತರೋಕೆ ಹೇಳಿ. ಹಲಸು, ನೇರಳೆ ಬೀಜ ಒಣಗಿಸಿಟ್ರೆ ಹುಟ್ಟಲ್ಲ, ಹಸಿ ಇದ್ದಾಗ್ಲೇ ಮಣ್ಣಿಗೆ ಬೀಳ್ಬೇಕು, ಹಲಸಿಂದು ತಾಯಿಬೇರು ಬೇಗ ಇಳಿಯತ್ತೆ ಅದಕ್ಕೆ ಸೀದಾ ಗುಂಡಿಗೇ ಹಾಕೋದು ವಾಸಿ. ಸುತ್ತ ಮುಳ್ಳಿನ ಬೇಲಿ ಇಲ್ದೆ ಇದ್ರೆ ಮಾತ್ರ ದನಕ್ಕೆ ಮೇವು ಹಾಕಿದ ಹಾಗೆ ಆಗತ್ತೆ.

ಏಪ್ರಿಲ್, ಮೇ ತಿಂಗಳಲ್ಲಿ ಗಿಡಕ್ಕೆ ನೀರು ಹಾಕೋರು ಯಾರು ಅಂತ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಈಗ್ಲೇ ಕೇಳಿ, ಶಾಲೆ ಹತ್ರ ಮನೆ ಇರೋ ಎರಡು ಮಕ್ಕಳ ಹೆಸರು ಬರ್ಕೊಳ್ಳಿ. ಮಳೆ ಪುಸ್ತಕ ಶುರು ಮಾಡಿದ ಶಾಲೆಯವ್ರು ನಂಗೊಂದು ಮೆಸೇಜ್ ಹಾಕಿ, ಘಟ್ಟದ ಕಡೆಯವ್ರನ್ನ ಬಯಲು ಕಡೆಯವ್ರಿಗೆ ಜೋಡಿ ಮಾಡ್ಸೋ ಕೆಲಸ ನಾನು ಮಾಡ್ತೀನಿ.