ಐದು ಬೆರಳು

ಕ್ಲೀವ್‌ಲ್ಯಾಂಡ್‌ಗೆ ಬಂದ ಮೇಲೆ ನನಗೂ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಬ್ರೌನ್ಸ್‌ನ ಹುಚ್ಚು ಹಿಡಿದಿದೆ. ನಿನ್ನೆ ಸಂಜೆ ಪಕ್ಕದ ಮನೆಯ ಅಪ್ಪ-ಮಗನ ಗ್ಯಾರೇಜ್‌ನಲ್ಲಿ ಮತ್ತೆ ಅದೇ ಮಾತು. ತಂಡಗಳು ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳೋ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ, ಚೆಂಡು ಎಸೆದು ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ತಗೋಬೇಕಾ, ಇಲ್ಲಾ ಅವನನ್ನು ಕಾಯೋ ಆಟಗಾರರ ಲೈನ್ ಮೊದಲು ಗಟ್ಟಿ ಮಾಡ್ಕೋಬೇಕಾ?

ಮಗನಿಗೆ ಕ್ವಾರ್ಟರ್‌ಬ್ಯಾಕ್ ಈಗಲೇ ಬೇಕು. ಅಪ್ಪ ಏನೂ ವಾದ ಮಾಡಲಿಲ್ಲ. ಬಣ್ಣ ಮಾಸಿದ ಕಿತ್ತಳೆ ಟೋಪಿ ತೆಗೆದು ತೊಡೆ ಮೇಲಿಟ್ಟು, ಬೆರಳು ಮಡಚುತ್ತಾ ಹೋದರು. 1999, ಟಿಮ್ ಕೌಚ್. 2007, ಬ್ರೇಡಿ ಕ್ವಿನ್. 2012, ವೀಡನ್. 2014, ಮ್ಯಾಂಜಿಯಲ್. 2018, ಬೇಕರ್ ಮೇಫೀಲ್ಡ್. ಐವರೂ ಬ್ರೌನ್ಸ್ ಮೊದಲ ಸುತ್ತಿನಲ್ಲೇ ಆರಿಸಿದ ಕ್ವಾರ್ಟರ್‌ಬ್ಯಾಕ್‌ಗಳು, ಯಾರೂ ಉಳಿಯಲಿಲ್ಲ. ಕೈ ಮುಷ್ಟಿಯಾಯಿತು. ಆಮೇಲೆ ಹೆಬ್ಬೆರಳೊಂದನ್ನು ಬಿಡಿಸಿ, "ಬೇಕರ್ ಒಂದು ಪ್ಲೇಆಫ್ ಪಂದ್ಯ, ಅಂದ್ರೆ ಸೀಸನ್ ಕೊನೆಯ ನಾಕೌಟ್ ಪಂದ್ಯ, ಗೆಲ್ಲಿಸಿಕೊಟ್ಟ" ಅಂದರು. ಪಿಟ್ಸ್‌ಬರ್ಗ್ ವಿರುದ್ಧ 48-37, ಅವರದೇ ಊರಲ್ಲಿ. ಆ ನೆನಪಿಗೆ ಅವರ ಮುಖ ಅರಳಿತು.

ಮಗ ಕ್ಯಾನ್ಸಸ್ ಸಿಟಿಯ ಸ್ಟಾರ್ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಹೆಸರು ಎತ್ತಿದ. ನಿಜ, 2017ರಲ್ಲಿ ಆ ತಂಡ ಆಯ್ಕೆಯ ಸರದಿಯಲ್ಲಿ ಹತ್ತನೇ ಸ್ಥಾನಕ್ಕೆ ಮೇಲೇರಿ ಅವನನ್ನು ಆರಿಸಿತು. ಆದರೆ ಮೊದಲ ವರ್ಷ ಅವನು ಅನುಭವಿ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಹಿಂದೆ ಕೂತು ಕಲಿತ, ಅಲ್ವಾ? ಆಡಿದ್ದು ಒಂದೇ ಪಂದ್ಯ. ದಿಗ್ಗಜ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯಂತೂ ಡ್ರಾಫ್ಟ್‌ನಲ್ಲಿ 199ನೆಯವನಾಗಿ ಬಂದವನು. ನನಗನ್ನಿಸೋದು, ಹುಡುಗನನ್ನು ಆರಿಸೋದಕ್ಕಿಂತ ಆರಿಸಿದ ಮೇಲೆ ಅವನಿಗೆ ಸಮಯ ಕೊಡೋದೇ ಜಾಸ್ತಿ ಕಷ್ಟ. ನಮ್ಮೂರು ಇನ್ನೂ ಒಬ್ಬನಿಗೂ ಸರಿಯಾಗಿ ಕೊಟ್ಟಿಲ್ಲ.

ಏಪ್ರಿಲ್‌ನಲ್ಲಿ ಡ್ರಾಫ್ಟ್ ಇಲ್ಲೇ ಕೂತು ನೋಡೋಣ ಅಂದಿದ್ದಾರೆ. ಕುರ್ಚಿ ನಾನು ತರ್ತೀನಿ.